ಮೀಟರ್ ಹೇಳಿದ್ದೆಲ್ಲ ಸಕ್ಕರೆಯಲ್ಲ: ಮನೆಯಲ್ಲಿ ಶುಗರ್ ನೋಡಿಕೊಳ್ಳುವವರಿಗೆ ದೋಷ ನಿವಾರಣೆ ಕೈಪಿಡಿ

ಮೂವತ್ತು ವರ್ಷ ಲ್ಯಾಬಿನಲ್ಲಿ ಕುಳಿತು ಊರವರ ರಕ್ತ ತೆಗೆದವನು ನಾನು. ಈಗ ಒಂಬತ್ತು ವರ್ಷಗಳಿಂದ ನನ್ನದೇ ಬೆರಳು ಚುಚ್ಚಿಕೊಳ್ಳುತ್ತಿದ್ದೇನೆ. ನಿವೃತ್ತಿಯ ನಂತರ ತುಮಕೂರಿನ ನಮ್ಮ ಬೀದಿಯಲ್ಲಿ ನನಗೊಂದು ಸಂಬಳವಿಲ್ಲದ ಕೆಲಸ ಅಂಟಿಕೊಂಡಿದೆ. ಬೆಳಗ್ಗೆ ಏಳಕ್ಕೆಲ್ಲ ಗೇಟಿನ ಬಳಿ ಯಾರಾದರೊಬ್ಬರು ಗ್ಲುಕೋಮೀಟರ್ ಹಿಡಿದು ನಿಂತಿರುತ್ತಾರೆ. “ಲ್ಯಾಬ್ ಸಾರ್, 240 ತೋರಿಸುತ್ತಿದೆ. ಮಾತ್ರೆ ಇನ್ನರ್ಧ ಜಾಸ್ತಿ ತೆಗೆದುಕೊಳ್ಳಲೇ?”

ಮಾತ್ರೆಯ ಲೆಕ್ಕ ವೈದ್ಯರದು, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಆದರೆ ಆ 240 ನಿಜವೋ ಸುಳ್ಳೋ, ನಿಜವಾದರೆ ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಹಳೆಯ ಕಸುಬು. ಹಾಗೆ ಹುಡುಕುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಕಾಸು ಖರ್ಚಾಗದ ಪರೀಕ್ಷೆ ಮೊದಲು, ಆಸ್ಪತ್ರೆಯ ಕೆಲಸ ಕೊನೆಗೆ. ಈ ಕ್ರಮ ತಲೆಕೆಳಗಾಗುವ ಕೆಲವು ಸಂದರ್ಭಗಳಿವೆ. ಅವನ್ನೇ ಮೊದಲು ಹೇಳುತ್ತೇನೆ.

ಒಂದು ಮಾತು: ಇಲ್ಲಿನ ಅಂಕಿಗಳೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ನಮ್ಮ ದೇಶದ ಲೆಕ್ಕದಲ್ಲಿವೆ. ಲಂಡನ್ನಿನಿಂದ ಮಗಳು ತಂದುಕೊಟ್ಟ ಮೀಟರ್ 7.5 ಎಂದು ತೋರಿಸಿದರೆ ಗಾಬರಿ ಬೇಡ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ 135.

ಇದನ್ನು ಓದುತ್ತಾ ಕೂರಬಾರದ ಹೊತ್ತು

ಎಚ್ಚರ ತಪ್ಪಿದವರಿಗೆ, ಫಿಟ್ಸ್ ಬಂದವರಿಗೆ, ನುಂಗಲಾಗದವರಿಗೆ ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಸಕ್ಕರೆ, ಜೇನು ಯಾವುದೂ ಬೇಡ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಸಕ್ಕರೆ 300ರ ಮೇಲಿದ್ದು ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಲ್ಲಿ ವಾಂತಿಯೂ ಇರದೆ, ಎರಡು ಮೂರು ದಿನ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ನಂತರ ತೂಕಡಿಕೆ ಹೀಗೆ ಈ ಅಪಾಯ ಮೆಲ್ಲಗೆ ಬರುತ್ತದೆ. “ವಯಸ್ಸಾಯಿತು, ಮಲಗಿದ್ದಾರೆ” ಎಂದು ಸುಮ್ಮನಿದ್ದ ಮನೆಗಳನ್ನು ನೋಡಿದ್ದೇನೆ. ಮಕ್ಕಳು, ಗರ್ಭಿಣಿಯರು ಮತ್ತು ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ) ಮಧುಮೇಹಿಗಳ ವಿಷಯದಲ್ಲಿ 300ರವರೆಗೆ ಕಾಯುವುದೇ ಬೇಡ.

ಬೆವರು, ನಡುಕ ಇದ್ದು ಮೀಟರ್ ಕೈಗೆ ಸಿಗುತ್ತಿಲ್ಲವೇ? ಸಕ್ಕರೆ ಇಳಿದಿದೆ ಎಂದೇ ತಿಳಿದು ಸಕ್ಕರೆ ನೀರು ಕೊಡಿ. ಮೀಟರನ್ನು ಆಮೇಲೆ ಹುಡುಕಬಹುದು.

ಲಕ್ಷಣ: ವ್ಯಕ್ತಿ ಆರಾಮಾಗಿದ್ದಾರೆ, ಅಂಕಿ ಮಾತ್ರ ಮುಗಿಲಿಗೇರಿದೆ

ಕಳೆದ ಮೇ ತಿಂಗಳಲ್ಲಿ ಎದುರು ಮನೆಯ ಯಜಮಾನರು 287 ಎಂದು ಬೆವರುತ್ತಾ ಬಂದರು. ಬಾಯಾರಿಕೆ ಇಲ್ಲ, ಸುಸ್ತಿಲ್ಲ. ಕೈ ಮೂಸಿದೆ: ಮಲಗೋವಾ. ಮೊಮ್ಮಕ್ಕಳಿಗೆ ಹಣ್ಣು ಹೆಚ್ಚಿಕೊಟ್ಟು, ಕೈಯನ್ನು ಟವೆಲಿಗೆ ಒರೆಸಿ, ಸ್ಪಿರಿಟ್ ಹತ್ತಿ ಸವರಿ ಚುಚ್ಚಿಕೊಂಡಿದ್ದರು. ನಲ್ಲಿಯಡಿ ಸೋಪು ಹಾಕಿ ತೊಳೆಸಿ, ಬೇರೆ ಬೆರಳು ಚುಚ್ಚಿದಾಗ 148.

ಮೀಟರಿಗೆ ಸಿಕ್ಕಿಸಿ ರಕ್ತದ ಹನಿ ಮುಟ್ಟಿಸುವ ಪಟ್ಟಿಯೇ ಸ್ಟ್ರಿಪ್. ಇಂದಿನ ಸ್ಟ್ರಿಪ್ ಹೀರಿಕೊಳ್ಳುವ ರಕ್ತ ಸಾಸಿವೆ ಕಾಳಿನಷ್ಟು. ಅಷ್ಟು ಚಿಕ್ಕ ಹನಿಗೆ ಬೆರಳ ಮೇಲಿನ ಹಣ್ಣಿನ ರಸದ ಒಂದು ಕಣ ಸೇರಿದರೂ ಲೆಕ್ಕ ಕೆಡುತ್ತದೆ. ಸ್ಪಿರಿಟ್ ಕ್ರಿಮಿಗೆ ಸರಿ, ಅಂಟಿದ ಸಕ್ಕರೆಯನ್ನು ಪೂರ್ತಿ ತೆಗೆಯುವುದಿಲ್ಲ. ಮೇಲಾಗಿ ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ ಹನಿಯಲ್ಲಿ ಅದೂ ಬೆರೆಯುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಸೋಪು, ನೀರು ಮತ್ತು ಒಣ ಬಟ್ಟೆ. ಕೈ ಒದ್ದೆಯಿದ್ದರೆ ರಕ್ತ ತೆಳುವಾಗಿ ಅಂಕಿ ತಪ್ಪಾಗಿ ಕಡಿಮೆ ಬರಬಹುದು.

ಎರಡನೆಯದು, ಚುಚ್ಚುವ ರೀತಿ. ಬೆರಳ ತುದಿಯ ಮೆತ್ತನೆಯ ನಡುಭಾಗಕ್ಕೆ ಚುಚ್ಚಿ, ನಿಂಬೆಹಣ್ಣು ಹಿಂಡುವಂತೆ ಹಿಂಡುವವರೇ ಹೆಚ್ಚು. ಹಿಂಡಿದಾಗ ರಕ್ತದ ಜೊತೆ ಮಾಂಸದೊಳಗಿನ ನೀರೂ ಬರುತ್ತದೆ. ಕೈಯನ್ನು ಅರ್ಧ ನಿಮಿಷ ಕೆಳಗೆ ಜೋತುಬಿಟ್ಟು, ಬೆರಳ ಪಕ್ಕಕ್ಕೆ ಚುಚ್ಚಿ. ನೋವೂ ಕಡಿಮೆ. ಕೈ ತೊಳೆಯಲು ನೀರೇ ಸಿಗದ ಕಡೆ, ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಇದ್ದರೆ, ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಬಳಸಿ.

ಮೂರನೆಯದು ಸ್ಟ್ರಿಪ್ ಡಬ್ಬಿ. ಸ್ಟ್ರಿಪ್ಪಿನ ಮೇಲಿರುವುದು ಕಿಣ್ವ, ಅಂದರೆ ಸಕ್ಕರೆಯೊಂದಿಗೆ ವರ್ತಿಸುವ ನಾಜೂಕಾದ ಪದಾರ್ಥ. ತೇವ, ಬಿಸಿಲು, ಒಲೆಯ ಶಾಖ ಎಲ್ಲವೂ ಅದಕ್ಕೆ ಶತ್ರು. ಡಬ್ಬಿಯೊಳಗೇ ತೇವ ಹೀರುವ ವಸ್ತುವನ್ನು ಇಟ್ಟಿರುತ್ತಾರೆ. ಮುಚ್ಚಳ ತೆರೆದಿಟ್ಟರೆ ಆ ಏರ್ಪಾಡು ವ್ಯರ್ಥ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಫ್ರಿಜ್‌ನಲ್ಲಿ ಇಡಬೇಡಿ, ಸ್ಕೂಟರ್ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಹಳೆಯ ಡಬ್ಬಿಯ ಉಳಿದ ಸ್ಟ್ರಿಪ್‌ಗಳನ್ನು ಹೊಸ ಡಬ್ಬಿಗೆ ಸುರಿಯಬೇಡಿ. ಡಬ್ಬಿಯ ಮೇಲೆ ಅವಧಿ ಮುಗಿಯುವ ದಿನವಲ್ಲದೆ, ತೆರೆದ ಮೇಲೆ ಎಷ್ಟು ತಿಂಗಳು ಬಾಳುತ್ತದೆ ಎಂದೂ ಬರೆದಿರುತ್ತದೆ. ಅದಕ್ಕಾಗಿ ತೆರೆದ ದಿನವೇ ಪೆನ್ನಿನಲ್ಲಿ ತಾರೀಖು ಗೀಚಿಡಿ. ಕೆಟ್ಟ ಸ್ಟ್ರಿಪ್ ಹೆಚ್ಚೂ ತೋರಿಸಬಹುದು, ಕಡಿಮೆಯೂ ತೋರಿಸಬಹುದು. ಅದರ ಸುಳ್ಳಿಗೆ ದಿಕ್ಕಿಲ್ಲ.

ಇಷ್ಟಾದರೂ ಅನುಮಾನ ತೀರದಿದ್ದರೆ ಕಂಟ್ರೋಲ್ ದ್ರಾವಣ ಎಂಬುದಿದೆ. ಅದು ಸಕ್ಕರೆಯ ಪ್ರಮಾಣ ಮೊದಲೇ ಗೊತ್ತಿರುವ ನೀರು. ರಕ್ತದ ಬದಲು ಅದರ ಹನಿ ಮುಟ್ಟಿಸಿದಾಗ ಬರುವ ಅಂಕಿ, ಸ್ಟ್ರಿಪ್ ಡಬ್ಬಿಯ ಮೇಲೆ ಮುದ್ರಿಸಿದ ಮಿತಿಯೊಳಗೆ ಇರಬೇಕು. ಬಹಳಷ್ಟು ಮೀಟರ್ ಪೆಟ್ಟಿಗೆಗಳಲ್ಲಿ ಅದು ಇರುವುದಿಲ್ಲ, ಔಷಧದಂಗಡಿಯಲ್ಲಿ ಹೇಳಿ ತರಿಸಬೇಕು. ಹೊಸ ಸ್ಟ್ರಿಪ್‌ನಲ್ಲೂ ಮಿತಿ ಮೀರಿದರೆ ಮೀಟರ್ ಬದಲಿಸಿ.

ಮೀಟರ್ ಸರಿಯಿದ್ದೂ ಸುಳ್ಳು ಬರುವ ಒಂದೆರಡು ಸಂದರ್ಭಗಳುಂಟು. ರಕ್ತಹೀನತೆ ಇದ್ದವರಲ್ಲಿ ಬೆರಳಿನ ಅಂಕಿ ನಿಜಕ್ಕಿಂತ ಹೆಚ್ಚು ಬರಬಹುದು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಐಕೋಡೆಕ್ಸ್‌ಟ್ರಿನ್ ಎಂಬ ದ್ರಾವಣ ಬಳಸುತ್ತಿದ್ದರೆ, ಕೆಲವು ಬಗೆಯ ಸ್ಟ್ರಿಪ್‌ಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ಆ ಅಂಕಿ ನಂಬಿ ಇನ್ಸುಲಿನ್ ಹಾಕಿದರೆ ಪ್ರಾಣಕ್ಕೇ ಅಪಾಯ. ಅಂಥವರು ತಮಗೆ ಹೊಂದುವ ಮೀಟರ್ ಯಾವುದೆಂದು ಡಯಾಲಿಸಿಸ್ ವಿಭಾಗದಲ್ಲೇ ಕೇಳಿ ಖರೀದಿಸಬೇಕು.

ಲಕ್ಷಣ: ಎರಡು ಸಲ ಚುಚ್ಚಿದರೆ ಎರಡು ಅಂಕಿ, ಲ್ಯಾಬಿನದು ಮೂರನೆಯದು

172, ಮರುನಿಮಿಷ 190. ಇದು ದೋಷವೇ ಅಲ್ಲ. ಮೀಟರ್‌ಗಳಿಗೆ 2013ರ ಅಂತರರಾಷ್ಟ್ರೀಯ ಮಾನದಂಡವೊಂದಿದೆ. ಅದರ ಪ್ರಕಾರ 100ರ ಮೇಲಿನ ಸಕ್ಕರೆಯಲ್ಲಿ ಶೇ 15ರಷ್ಟು, 100ರ ಕೆಳಗೆ 15 ಅಂಕಗಳಷ್ಟು ಅತ್ತಿತ್ತ ಹೋಗಲು ಅವಕಾಶವಿದೆ. ನೂರಕ್ಕೆ 95 ಅಳತೆಗಳು ಆ ಮಿತಿಯೊಳಗೆ ಬಂದರೆ ಸಾಕು. ನಿಜವಾದ ಸಕ್ಕರೆ 180 ಇದ್ದಾಗ ಮೀಟರ್ 153 ಎಂದರೂ ಪಾಸು, 207 ಎಂದರೂ ಪಾಸು. ಹೀಗಿರುವಾಗ ಮೂರು ಸಲ ಚುಚ್ಚಿಕೊಂಡು, ಮನಸ್ಸಿಗೊಪ್ಪಿದ ಅಂಕಿಯನ್ನು ಬರೆದಿಡುವುದರಲ್ಲಿ ಬೆರಳಿಗೆ ನೋವಷ್ಟೇ ಲಾಭ.

ಲ್ಯಾಬಿಗೆ ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಿ. ಖಾಲಿ ಹೊಟ್ಟೆಯಲ್ಲಿ, ಲ್ಯಾಬಿನ ಕುರ್ಚಿಯಲ್ಲೇ, ತೋಳಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ ನಿಮ್ಮ ಬೆರಳು ಚುಚ್ಚಿ. ಊಟದ ನಂತರ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತನಾಳದಲ್ಲಿರುವುದಕ್ಕಿಂತ ಸಹಜವಾಗಿಯೇ ಹೆಚ್ಚು. ಕೆಲವೊಮ್ಮೆ ಇಪ್ಪತ್ತಕ್ಕೂ ಮೇಲೆ ವ್ಯತ್ಯಾಸವಿರುತ್ತದೆ. ಆಗ ಹೋಲಿಸಿ ಮೀಟರನ್ನು ಬೈದು ಪ್ರಯೋಜನವಿಲ್ಲ.

ಇನ್ನು ನನ್ನ ಕಸುಬಿನ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಎಲ್ಲ ಸಲವೂ ಲ್ಯಾಬಿನದೇ ಸರಿ ಎಂದುಕೊಳ್ಳಬೇಡಿ. ನಳಿಕೆಯಲ್ಲಿ ನಿಂತ ರಕ್ತದ ಕಣಗಳು ಸುಮ್ಮನಿರುವುದಿಲ್ಲ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇ 5ರಿಂದ 7ರಷ್ಟು ಅಂಕಿ ಇಳಿಯುತ್ತದೆ. ಅದನ್ನು ತಡೆಯಲೆಂದೇ ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ನಳಿಕೆ ಇದೆ. ಅದು ಪೂರ್ತಿ ಕೆಲಸ ಶುರುಮಾಡಲೂ ಒಂದೆರಡು ಗಂಟೆ ಬೇಕು. ಮನೆಗೆ ಬಂದು ರಕ್ತ ತೆಗೆದ ಹುಡುಗ ಬಿಸಿಲಲ್ಲಿ ಇನ್ನೂ ಹತ್ತು ಮನೆ ಸುತ್ತಿ ಲ್ಯಾಬ್ ತಲುಪಿದರೆ, ನಿಮ್ಮ 140 ಅಲ್ಲಿ 125 ಆಗಿರಬಹುದು. ನಳಿಕೆಯ ಮುಚ್ಚಳದ ಬಣ್ಣ ನೋಡಿ, ಎಷ್ಟು ಹೊತ್ತಿಗೆ ಲ್ಯಾಬ್ ತಲುಪುತ್ತದೆ ಎಂದು ಕೇಳಿ. ಯಾರೂ ಕೋಪಿಸಿಕೊಳ್ಳುವುದಿಲ್ಲ.

ಲಕ್ಷಣ: ಅಂಕಿಯ ಬದಲು ಅಕ್ಷರ

‘ಇ’ (E) ಅಕ್ಷರದ ಮುಂದೆ ಸಂಖ್ಯೆ ಬಂದರೆ ಸಾಮಾನ್ಯವಾಗಿ ರಕ್ತ ಸಾಲದು, ಸ್ಟ್ರಿಪ್ ಬಳಸಿದ್ದು, ಅಥವಾ ಕೋಣೆ ವಿಪರೀತ ಬಿಸಿ ಇಲ್ಲವೇ ತಣ್ಣಗಿದೆ ಎಂದರ್ಥ. ಯಾವ ಸಂಖ್ಯೆಗೆ ಯಾವ ದೋಷ ಎಂಬುದು ಮೀಟರ್ ಜೊತೆ ಬಂದ ಕಾಗದದಲ್ಲಿದೆ. ‘ಎಚ್‌ಐ’ (HI) ಎಂದು ಬಂದರೆ ಮೀಟರ್ ನಿಮ್ಮನ್ನು ಮಾತನಾಡಿಸುತ್ತಿಲ್ಲ. ಅಳೆಯುವ ಮಿತಿ ದಾಟಿದೆ ಎನ್ನುತ್ತಿದೆ. ಹಲವು ಮೀಟರ್‌ಗಳಲ್ಲಿ ಆ ಮಿತಿ 600. ಕೈ ತೊಳೆದು ಒಂದೇ ಒಂದು ಸಲ ಮತ್ತೆ ನೋಡಿ. ಮತ್ತೂ ಅದೇ ಬಂದರೆ ಆರಾಮಾಗಿದ್ದರೂ ಆಸ್ಪತ್ರೆಗೆ ಹೋಗಿ. ‘ಎಲ್‌ಒ’ (LO) ಎಂದು ಬಂದರೆ ಸಕ್ಕರೆ ಅಳೆಯಲಾಗದಷ್ಟು ಇಳಿದಿದೆ ಎಂದರ್ಥ. ಮೊದಲು ಸಕ್ಕರೆ ಬಾಯಿಗೆ, ಮರುಪರೀಕ್ಷೆ ಆಮೇಲೆ.

ಲಕ್ಷಣ: ರಾತ್ರಿ ಏನೂ ತಿಂದಿಲ್ಲ, ಬೆಳಗ್ಗೆ ಮಾತ್ರ ಜಾಸ್ತಿ

ನಮ್ಮ ಗೇಟಿಗೆ ಅತಿ ಹೆಚ್ಚು ಬರುವ ದೂರು ಇದು. ಸಾಮಾನ್ಯ ವಯಸ್ಕರಿಗೆ ಖಾಲಿ ಹೊಟ್ಟೆಯ ಗುರಿ 80ರಿಂದ 130. ತೀರಾ ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಗರ್ಭಿಣಿಯರಿಗೆ 95ರೊಳಗೆ ಎಂದು ಬಿಗಿಗೊಳಿಸುತ್ತಾರೆ.

ಮೊದಲು ‘ಖಾಲಿ ಹೊಟ್ಟೆ’ ನಿಜಕ್ಕೂ ಖಾಲಿಯಿತ್ತೇ ಎಂದು ಕೇಳಿಕೊಳ್ಳಿ. “ಬರೀ ಅರ್ಧ ಲೋಟ ಕಾಫಿ ಕುಡಿದೆ” ಎನ್ನುವವರದು ಖಾಲಿ ಹೊಟ್ಟೆಯಲ್ಲ. ಹತ್ತೂವರೆಗೆ ಉಂಡು, ಮಲಗುವಾಗ ಬಾಳೆಹಣ್ಣು ಮತ್ತು ಹಾಲು ಕುಡಿದು, ಐದೂವರೆಗೆ ಚುಚ್ಚಿಕೊಂಡವರದೂ ಅಲ್ಲ. ಪೂಜೆ, ವಾಕಿಂಗ್ ಎಲ್ಲ ಮುಗಿಸಿ ಒಂಬತ್ತೂವರೆಗೆ ನೋಡುವವರಿಗೂ ಹೆಚ್ಚು ಬರಬಹುದು. ತಿನ್ನದೇ ಇರುವಾಗ ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತಲೇ ಇರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಅಳೆಯುವುದು ಒಳ್ಳೆಯದು.

ನಂತರದ ಪರೀಕ್ಷೆಗೆ ಮೂರು ಸ್ಟ್ರಿಪ್, ಒಂದು ಅಲಾರಂ ಬೇಕು. ಮಲಗುವಾಗ, ನಸುಕಿನ ಮೂರಕ್ಕೆ, ಎದ್ದಾಗ, ಹೀಗೆ ಎರಡು ಮೂರು ರಾತ್ರಿ ನೋಡಿ. ಅಂಕಿಗಳು ಕಥೆ ಹೇಳುತ್ತವೆ.

210, 205, 200 ಬಂದರೆ ಬೆಳಗಿನ ತಪ್ಪೇನಿಲ್ಲ, ರಾತ್ರಿಯೇ ಏರಿದ್ದು ಇಳಿದಿಲ್ಲ. ಊಟದ ಹೊತ್ತನ್ನೂ ಪ್ರಮಾಣವನ್ನೂ ನೋಡಿ. ನನ್ನದೇ ಅಂಕಿ ಆರು ತಿಂಗಳು ಹೀಗಿತ್ತು. ಟಿ.ವಿ. ಮುಗಿದ ಮೇಲೆ ಉಣ್ಣುತ್ತಿದ್ದವನು ಎಂಟಕ್ಕೆ ಉಂಡು ಕಾಲು ಗಂಟೆ ಮಹಡಿಯ ಮೇಲೆ ಅಡ್ಡಾಡಲು ಶುರುಮಾಡಿದೆ. ಮಾತ್ರೆ ಬದಲಾಗಲಿಲ್ಲ, ಅಂಕಿ ಬದಲಾಯಿತು.

130, 135, 190 ಬಂದರೆ ಅದು ನಸುಕಿನ ಏರಿಕೆ. ಎಚ್ಚರಗೊಳ್ಳುವ ಮೊದಲು ದೇಹ ಬಿಡುವ ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆ ಹೊರಡಿಸುತ್ತವೆ. ನಿಮ್ಮ ಬಾಯಿಚಪಲದ ತಪ್ಪಲ್ಲ. ಮನೆಯವರು ‘ಕದ್ದು ತಿಂದಿದ್ದೀರಿ’ ಎಂದು ಜಗಳವಾಡುವುದು ಬೇಡ. ಔಷಧದ ಹೊತ್ತು ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ಮೂರು ಗಂಟೆಯ ಅಂಕಿ 70ಕ್ಕಿಂತ ಕೆಳಗಿದ್ದರೆ ಮಾತ್ರ ವಿಷಯ ಬೇರೆ. ರಾತ್ರಿ ಇಳಿದ ಸಕ್ಕರೆ ಬೆಳಗ್ಗೆ ಚಿಮ್ಮುತ್ತದೆ ಎಂಬ ಹಳೆಯ ವಿವರಣೆಯಿದೆ. ಹಾಗಾಗುವುದು ಜನ ನಂಬಿರುವಷ್ಟು ಸಾಮಾನ್ಯವಲ್ಲ. ಆದರೆ ಬೆಳಗ್ಗೆ ಚಿಮ್ಮಲಿ ಬಿಡಲಿ, ನಿದ್ದೆಯಲ್ಲಿ ಸಕ್ಕರೆ ಇಳಿಯುವುದೇ ಅಪಾಯ. ಆ ಕ್ಷಣ ಸಕ್ಕರೆ ತಿನ್ನಿ, ಅದೇ ದಿನ ವೈದ್ಯರಿಗೆ ತಿಳಿಸಿ. ಒದ್ದೆಯಾದ ದಿಂಬು, ಕೆಟ್ಟ ಕನಸು, ಎದ್ದಾಗ ತಲೆನೋವು ಇದರ ಸುಳಿವುಗಳು. ಬೆಳಗಿನ ದೊಡ್ಡ ಅಂಕಿಗೆ ಹೆದರಿ ರಾತ್ರಿಯ ಇನ್ಸುಲಿನ್ನನ್ನು ತಾವೇ ಏರಿಸಿಕೊಳ್ಳುವವರು ಈ ಒಂದು ಕಾರಣಕ್ಕಾದರೂ ಮೂರು ಗಂಟೆಗೆ ಏಳಬೇಕು.

ಲಕ್ಷಣ: ಬೆಳಗ್ಗೆ ಸರಿ, ಊಟವಾದ ಮೇಲೆ ಏರುತ್ತದೆ

ಗಡಿಯಾರ ಮೊದಲು. ಊಟದ ನಂತರ ಅಳೆಯುವ ಎರಡು ಗಂಟೆಯ ಲೆಕ್ಕ ಕೈ ತೊಳೆದಾಗಿನಿಂದ ಶುರುವಾಗುವುದಿಲ್ಲ, ಮೊದಲ ತುತ್ತಿನಿಂದ ಶುರುವಾಗುತ್ತದೆ. ಗುರಿ 180ರೊಳಗೆ.

ಆಮೇಲೆ ತಟ್ಟೆ. “ನಾನು ಅನ್ನ ಬಿಟ್ಟು ಮುದ್ದೆ ಉಣ್ಣುತ್ತೇನೆ” ಎಂಬ ಮಾತು ನಮ್ಮ ಕಡೆ ದಿನಕ್ಕೊಮ್ಮೆ ಕೇಳುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಹೆಚ್ಚು, ಒಪ್ಪಿದೆ. ಆದರೆ ಅದರಲ್ಲೂ ಸುಮಾರು ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟ್. ದೊಡ್ಡ ಮುದ್ದೆ ಎರಡು ನುಂಗಿದರೆ ಮೀಟರ್ ಅದನ್ನು ಅನ್ನದಷ್ಟೇ ಶಿಸ್ತಾಗಿ ಎಣಿಸುತ್ತದೆ. ನಯವಾಗಿ ಬೀಸಿದ ಹಿಟ್ಟಿನ ಗಂಜಿಯಂತೂ ಇನ್ನೂ ಬೇಗ ಏರುತ್ತದೆ. ವಾದ ಬೇಡ, ಪರೀಕ್ಷೆ ಮಾಡಿ: ಊಟಕ್ಕೆ ಮುಂಚೆ ಒಂದು, ಎರಡು ಗಂಟೆಯ ನಂತರ ಒಂದು. ಮರುದಿನ ಅದೇ ಊಟದಲ್ಲಿ ಒಂದೇ ಒಂದು ಬದಲಾವಣೆ, ಮುದ್ದೆ ಅರ್ಧ, ಸೊಪ್ಪಿನ ಸಾರು ದುಪ್ಪಟ್ಟು. ಎರಡು ದಿನದ ನಾಲ್ಕು ಅಂಕಿ ನಿಮ್ಮ ಮೈಯ ಬಗ್ಗೆ ನನಗಿಂತ ಚೆನ್ನಾಗಿ ಹೇಳುತ್ತವೆ.

ಮಾತ್ರೆಯ ಹೊತ್ತನ್ನೂ ನೋಡಿ. ಊಟದ ನಂತರದ ಏರಿಕೆ ತಗ್ಗಿಸುವ ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳು ಮೊದಲ ತುತ್ತಿನ ಜೊತೆಗೇ ಹೋಗಬೇಕು, ಊಟ ಮುಗಿದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ.

ಲಕ್ಷಣ: ಮನೆಯ ಪುಸ್ತಕ ಚೆನ್ನಾಗಿದೆ, ಮೂರು ತಿಂಗಳ ಸರಾಸರಿ ಕೆಟ್ಟಿದೆ

ಈ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯ ಲೆಕ್ಕ. ಶೇ 6 ಎಂದರೆ ಸರಾಸರಿ ಸಕ್ಕರೆ ಸುಮಾರು 126, 7 ಎಂದರೆ 154, 8 ಎಂದರೆ 183, 9 ಎಂದರೆ 212. ಪುಸ್ತಕದ ಸರಾಸರಿ 125 ಇದ್ದು ವರದಿ 8.4 ಬಂದರೆ, ಅಂದರೆ 194ರ ಆಸುಪಾಸು ಬಂದರೆ, ಎಲ್ಲೋ ತಾಳೆಯಾಗುತ್ತಿಲ್ಲ.

ಬಹುಪಾಲು ಸಲ ಕಾರಣ ಸರಳ. ಬೆಳಗ್ಗೆ ಮಾತ್ರ ಅಳೆಯುತ್ತೀರಿ, ಏರುವುದು ಮಧ್ಯಾಹ್ನ, ರಾತ್ರಿ. ವಾರದಲ್ಲಿ ಒಂದು ದಿನವಾದರೂ ಮೂರು ಊಟದ ಹಿಂದೆ ಮುಂದೆ ಮತ್ತು ಮಲಗುವಾಗ, ಒಟ್ಟು ಏಳು ಸಲ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಇನ್ನೊಂದು ಕಾರಣ ಹೇಳಲು ಸಂಕೋಚ. ಒಬ್ಬರು ತಂದ ಪುಸ್ತಕದಲ್ಲಿ ಒಂದು ತಿಂಗಳ ಅಂಕಿಗಳೆಲ್ಲ 118, 122, 120 ಎಂದು ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿದ್ದವು. ಮೀಟರಿನ ನೆನಪಿನಲ್ಲಿ ಆ ತಿಂಗಳ ಅಳತೆಗಳು ಎರಡೇ. ನಾನೇನೂ ಹೇಳಲಿಲ್ಲ. ಮೀಟರನ್ನು ವೈದ್ಯರ ಬಳಿ ಒಯ್ಯಿರಿ ಎಂದಷ್ಟೇ ಹೇಳಿದೆ.

ಇವೆರಡೂ ಇಲ್ಲದಿದ್ದರೆ ಪರೀಕ್ಷೆಯ ಮೇಲೆಯೇ ಅನುಮಾನಪಡಬೇಕು. ಕಬ್ಬಿಣಾಂಶ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಮೇಲೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ರಕ್ತಸ್ರಾವವಾದವರು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು ಅಥವಾ ದಾನ ಮಾಡಿದವರು, ಡಯಾಲಿಸಿಸ್‌ನಲ್ಲಿ ರಕ್ತ ವೃದ್ಧಿಯ ಚುಚ್ಚುಮದ್ದು ಪಡೆಯುವವರು, ಗರ್ಭಿಣಿಯರು, ಇವರಲ್ಲಿ ಸುಳ್ಳೇ ಕಡಿಮೆ ಬರಬಹುದು. ಥಲಸ್ಸೀಮಿಯಾದಂಥ ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ ವ್ಯತ್ಯಾಸಗಳು ಯಾವ ಕಡೆಗಾದರೂ ಎಳೆಯಬಹುದು. ಆಗ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಿ. ಅಗತ್ಯವಿದ್ದರೆ ಎರಡು ಮೂರು ವಾರದ ಲೆಕ್ಕ ಹೇಳುವ ಫ್ರಕ್ಟೋಸಮಿನ್ ಪರೀಕ್ಷೆಯನ್ನು ವೈದ್ಯರು ಬರೆದುಕೊಡುತ್ತಾರೆ.

ಲಕ್ಷಣ: ಬೆವರು, ನಡುಕ, ಕಣ್ಣು ಮಂಜು, ವಿನಾಕಾರಣ ಸಿಡುಕು

70ರ ಕೆಳಗೆ ಇಳಿಕೆ, 54ರ ಕೆಳಗೆ ಗಂಭೀರ ಇಳಿಕೆ. ನುಂಗುವ ಸ್ಥಿತಿಯಲ್ಲಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದ ನಂತರ ಅಳೆಯಿರಿ. 70 ದಾಟದಿದ್ದರೆ ಮತ್ತೆ ಅಷ್ಟೇ. ದಾಟಿದ ಮೇಲೆ ಊಟವನ್ನೋ ತಿಂಡಿಯನ್ನೋ ಮಾಡಿಸಿ. ಚಾಕೊಲೇಟ್, ಮೈಸೂರು ಪಾಕ್ ಈ ಹೊತ್ತಿಗೆ ಸಲ್ಲ, ಅವುಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಒಡೆಯುವ ಕರುಳಿನ ಕಿಣ್ವವನ್ನೇ ಆ ಮಾತ್ರೆ ತಡೆಹಿಡಿದಿರುತ್ತದೆ. ಅಂಥವರ ಮನೆಯಲ್ಲಿ ಔಷಧದಂಗಡಿಯ ಗ್ಲುಕೋಸ್ ಪುಡಿ ಇರಲೇಬೇಕು. ಎಷ್ಟೋ ಮಾತ್ರೆಗಳಲ್ಲಿ ವೋಗ್ಲಿಬೋಸ್, ಸಕ್ಕರೆಯನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನೊಂದಿಗೆ ಬೆರೆತೇ ಬರುತ್ತದೆ. ಮಾತ್ರೆ ಹಾಳೆಯ ಹಿಂಬದಿ ಓದಿ ನೋಡಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಇಳಿದ ಸಕ್ಕರೆ ಏರಿದಂತೆ ಮಾಡಿ ಗಂಟೆಗಳ ನಂತರ ಮತ್ತೆ ಇಳಿಯುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಇನ್ನೂ ಹೆಚ್ಚು. ಒಮ್ಮೆ ಸರಿಹೋಯಿತೆಂದು ಮಲಗಿಸಬೇಡಿ, ಆಸ್ಪತ್ರೆಯಲ್ಲಿ ನಿಗಾ ಬೇಕಾಗಬಹುದು. ಗಾಡಿ ಓಡಿಸುವಾಗ ಲಕ್ಷಣ ಕಂಡರೆ ನಿಲ್ಲಿಸಿ. ಅಂಕಿ ಸರಿಯಾದ ಮುಕ್ಕಾಲು ಗಂಟೆಯವರೆಗೆ ಮತ್ತೆ ಓಡಿಸಬೇಡಿ.

ಕೆಲವರಿಗೆ ನಡುಕ ಬಂದರೂ ಮೀಟರ್ 115 ಎನ್ನುತ್ತದೆ. ಬಹುಕಾಲ 300ರಲ್ಲಿದ್ದ ಮೈಗೆ 115 ಕೂಡ ಬರಗಾಲದಂತೆ ಅನ್ನಿಸುತ್ತದೆ. ಕೇಸರಿಬಾತ್ ಬೇಡ, ಕುಳಿತುಕೊಂಡು ಕಾಲು ಗಂಟೆಯ ನಂತರ ಮತ್ತೆ ನೋಡಿ. ಇದರ ಉಲ್ಟಾ, 58 ಇದ್ದರೂ ಏನೂ ಅನ್ನಿಸದವರು ಹೆಚ್ಚು ಅಪಾಯದಲ್ಲಿರುವವರು. ಪದೇ ಪದೇ ಇಳಿದು ದೇಹ ಎಚ್ಚರಿಸುವುದನ್ನೇ ನಿಲ್ಲಿಸಿರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಎದೆಬಡಿತ, ನಡುಕಗಳನ್ನು ಮರೆಮಾಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಈ ಎರಡೂ ಬಗೆಯವರು ತಮ್ಮ ವೈದ್ಯರಿಗೆ ಹೇಳಲೇಬೇಕು.

ಲಕ್ಷಣ: ಇನ್ಸುಲಿನ್ ಹಾಕಿದರೂ ಇಳಿಯುತ್ತಿಲ್ಲ

ಹೊಟ್ಟೆಯ ಚರ್ಮವನ್ನು ಬೆರಳಿಂದ ಸವರಿ ನೋಡಿ, ಖರ್ಚಿಲ್ಲ. ಒಂದೇ ಜಾಗದಲ್ಲಿ ಚುಚ್ಚಿದವರಿಗೆ ರಬ್ಬರಿನಂಥ ಗಂಟು ಸಿಗುತ್ತದೆ. ಅಲ್ಲಿ ನೋವಾಗದ ಕಾರಣ ಅಲ್ಲೇ ಚುಚ್ಚುತ್ತಿರುತ್ತಾರೆ, ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಜಾಗ ಬದಲಿಸಿ. ಹೊಸ ಜಾಗದಲ್ಲಿ ಹಳೆಯ ಪ್ರಮಾಣವೇ ಜಾಸ್ತಿಯಾಗಿ ಸಕ್ಕರೆ ಇಳಿಯಬಹುದು, ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಬದಲಿಸಿ.

ನಂತರ ಸೀಸೆ ಮತ್ತು ಸಿರಿಂಜ್. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಬಹುತೇಕ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100. ಸಿರಿಂಜ್‌ಗಳೂ ಎರಡು: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 40ರ ಸೀಸೆಗೆ 100ರ ಸಿರಿಂಜ್ ಹಾಕಿ ‘20’ರ ಗೆರೆಗೆ ಎಳೆದರೆ ಒಳಹೋಗುವುದು ಬರೀ 8 ಯೂನಿಟ್. ಉಲ್ಟಾ ಮಾಡಿದರೆ 50 ಯೂನಿಟ್, ಅದು ಜೀವಕ್ಕೇ ಸಂಚಕಾರ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಂದೂ ಎಳೆಯಬೇಡಿ. ಪೆನ್ ಆದರೆ ಪ್ರತಿ ಸಲ ಎರಡು ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ, ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಹಾಲಿನ ಬಣ್ಣದ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹೊರಳಿಸಿ ಬೆರೆಸಬೇಕು, ಕುಲುಕಬಾರದು. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ ಎಸೆಯಿರಿ.

ತೆರೆಯದ ಇನ್ಸುಲಿನ್ ಫ್ರಿಜ್‌ನ ಬಾಗಿಲಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಲಿ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ತೆರೆದದ್ದು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುವಾಗ, ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಕುಡಿಕೆಯಿಟ್ಟು, ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರಲ್ಲಿಡಬಹುದು. ಫ್ರಿಜ್‌ನಷ್ಟು ತಣ್ಣಗಾಗದಿದ್ದರೂ ಹೊರಗಿಗಿಂತ ಎಷ್ಟೋ ಮೇಲು.

ಇಳಿಯಲಿಲ್ಲವೆಂದು ಗಂಟೆಗೊಂದು ಸಲ ಮತ್ತೆ ಮತ್ತೆ ಹಾಕಿಕೊಳ್ಳಬೇಡಿ. ಊಟಕ್ಕೆ ಹಾಕುವ ವೇಗದ ಇನ್ಸುಲಿನ್ ಕೂಡ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತದೆ. ಒಂದರ ಮೇಲೊಂದು ಪೇರಿಸಿದರೆ ಎಲ್ಲವೂ ಒಟ್ಟಿಗೆ ಇಳಿಸುತ್ತವೆ. ಟೈಪ್ 1 ಇರುವವರು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. 250ರ ಮೇಲಿದ್ದು ಮೈ ಸರಿಯಿಲ್ಲದಿದ್ದರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ಇದೆಯೇ ಎಂದು ಕೀಟೋನ್ ಪಟ್ಟಿಯಲ್ಲಿ ಪರೀಕ್ಷಿಸಿ, ಕೀಟೋನ್ ಕಂಡರೆ ಆಸ್ಪತ್ರೆಗೆ ಹೋಗಿ.

ಲಕ್ಷಣ: ತೋಳಿನ ಸೆನ್ಸರ್ ರಾತ್ರಿಯೆಲ್ಲ ಕಿರುಚುತ್ತದೆ

ತೋಳಿಗೆ ಅಂಟಿಸಿಕೊಂಡು ಹಗಲು ರಾತ್ರಿ ಸಕ್ಕರೆ ನೋಡುವ ಸಾಧನ ಇದು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಅಂಟಿಸಿದ ಮೊದಲ ದಿನ ಅಷ್ಟಾಗಿ ನಂಬಬೇಡಿ. ಆ ತೋಳಿನ ಮೇಲೆ ಮಲಗಿದರೆ ಸುಳ್ಳೇ ಕಡಿಮೆ ತೋರಿಸುತ್ತದೆ. ಮಗ್ಗುಲು ಬದಲಿಸಿ ಬೆರಳು ಚುಚ್ಚಿ ನೋಡಿ.

ಲಕ್ಷಣ: ಎಲ್ಲವೂ ಸರಿಯಿದೆ, ಆದರೂ ವಾರದಿಂದ ಏರುತ್ತಲೇ ಇದೆ

ಹೊಸ ಔಷಧ ಏನಾದರೂ ಸೇರಿತೇ ನೋಡಿ. ಆಸ್ತಮಾಕ್ಕೋ ಕೀಲುನೋವಿಗೋ ಕೊಟ್ಟ ಸ್ಟಿರಾಯ್ಡ್, ಮಂಡಿಗೆ ಹಾಕಿಸಿದ ಚುಚ್ಚುಮದ್ದು ಸಕ್ಕರೆ ಏರಿಸುತ್ತವೆ. ಬೆಳಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಮಧ್ಯಾಹ್ನ, ಸಂಜೆ ಏರಿಸುತ್ತದೆ. ಖಾಲಿ ಹೊಟ್ಟೆಯ ಅಂಕಿ ಸರಿಯೇ ಇದ್ದು ನಿಮ್ಮನ್ನು ಮೋಸಗೊಳಿಸುತ್ತದೆ. ಸಂಜೆ ಐದಕ್ಕೆ ಅಳೆಯಿರಿ. ಸ್ಟಿರಾಯ್ಡನ್ನು ಮಾತ್ರ ತಾವಾಗಿ ನಿಲ್ಲಿಸಬೇಡಿ.

ಜ್ವರ, ಭೇದಿ ಇದ್ದಾಗ ನಾಲ್ಕು ಗಂಟೆಗೊಮ್ಮೆ ಅಳೆಯಿರಿ, ನೀರು ಕುಡಿಯುತ್ತಿರಿ. ‘ಗ್ಲಿಫ್ಲೋಜಿನ್’ ಎಂದು ಹೆಸರು ಕೊನೆಗೊಳ್ಳುವ ಮಾತ್ರೆ ಮತ್ತು ಮೆಟ್‌ಫಾರ್ಮಿನ್ ಅಂಥ ದಿನ ಮುಂದುವರಿಸಬೇಕೇ ಎಂದು ಫೋನಿನಲ್ಲಾದರೂ ವೈದ್ಯರನ್ನು ಕೇಳಿ. ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ 200ರ ಆಸುಪಾಸಿನಲ್ಲಿದ್ದೇ ರಕ್ತ ಆಮ್ಲವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ “ಅಂಕಿ ಚೆನ್ನಾಗಿದೆಯಲ್ಲ” ಎಂದು ಕೂರಬೇಡಿ. ಆ ಮಾತ್ರೆ ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರಕ್ಕೆ ಹರಿಸುವ ಮೂಲಕ, ಆದ್ದರಿಂದ ಅವರ ಮೂತ್ರದ ಸಕ್ಕರೆ ಪರೀಕ್ಷೆಗೆ ಅರ್ಥವಿಲ್ಲ.

ಔಷಧವೂ ಅಲ್ಲ, ಊಟವೂ ಅಲ್ಲ ಎಂದಾದರೆ ಅಡಗಿದ ಸೋಂಕನ್ನು ಹುಡುಕಬೇಕು. ಉರಿಮೂತ್ರ, ವಸಡಿನ ಕೀವು, ಎರಡು ವಾರ ದಾಟಿದ ಕೆಮ್ಮು. ಮಧುಮೇಹಿಗಳಲ್ಲಿ ಕ್ಷಯದ ಅಪಾಯ ಹೆಚ್ಚು, ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಾರಣವಿಲ್ಲದೆ ತೂಕವೂ ಇಳಿಯುತ್ತಿದ್ದರೆ ಮನೆಯ ಹುಡುಕಾಟ ಅಲ್ಲಿಗೆ ನಿಲ್ಲಿಸಿ, ವೈದ್ಯರ ಬಳಿ ಹೋಗಿ.

ಹಿಂದಿನ ಬೀದಿಯ ರೈತರೊಬ್ಬರು ಹತ್ತು ದಿನ ನನ್ನ ಗೇಟಿಗೆ ಬಂದರು. 160ರಲ್ಲಿದ್ದವರು 250ಕ್ಕೆ ಏರಿದ್ದರು. ಕೈ ತೊಳೆಸಿದೆ, ಹೊಸ ಡಬ್ಬಿ ತೆರೆದೆ, ಲ್ಯಾಬಿಗೆ ತಾಳೆ ನೋಡಿದೆ, ಊಟ ಕೇಳಿದೆ. ಎಲ್ಲವೂ ಸರಿ. ಹನ್ನೊಂದನೆಯ ದಿನ ಚಪ್ಪಲಿ ಬಿಡಿಸಿ, ಮೊಬೈಲ್ ಬೆಳಕಿನಲ್ಲಿ ಅಂಗಾಲು ನೋಡಿದೆ. ಹಿಮ್ಮಡಿಯ ಪಕ್ಕ ಮುರಿದ ಜಾಲಿಮುಳ್ಳು, ಸುತ್ತ ಕೀವು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆ. ಮುಳ್ಳು ತೆಗೆದು ಗಾಯಕ್ಕೆ ಚಿಕಿತ್ಸೆಯಾದ ಮೂರನೆಯ ವಾರ ಮತ್ತೆ ಗೇಟಿನ ಬಳಿ ನಿಂತಿದ್ದರು, 158.